ಅಗಲಿ ಕೂಡುವ ದಾಂಪತ್ಯ: ಮಾನ್ಯಖೇಟದ ಪುರಾಣಗಳಿಂದ ಕಲಬುರಗಿಯ ಕುಟುಂಬ ನ್ಯಾಯಾಲಯದವರೆಗೆ

ಗಂಡಹೆಂಡಿರು ಪರಸ್ಪರ ದ್ವೇಷದಿಂದ ಬೇರೆಯಾಗುವುದು ಯಾರಿಗಾದರೂ ಅರ್ಥವಾಗುವ ಸಂಗತಿ. ಒಲವು ಆರದಿರುವಾಗಲೇ ಬೇರೆಯಾಗಿ, ಕೆಲವು ತಿಂಗಳ ಬಳಿಕ ಕೂಡಿ, ಮತ್ತೆ ಮುನಿದು ಅಗಲಿ, ಪುನಃ ಒಂದಾಗುವ ದಾಂಪತ್ಯವು ಅಷ್ಟು ಸುಲಭವಾಗಿ ಅರ್ಥವಾಗುವುದಿಲ್ಲ. ಅದು ಎರಡೂ ಮನೆಗಳ ಹಿರಿಯರ ತಾಳ್ಮೆಯನ್ನು ಕೆಡಿಸುತ್ತದೆ. ಮಕ್ಕಳನ್ನು ಎರಡು ಅಂಗಳಗಳ ನಡುವೆ ನಿಲ್ಲಿಸುತ್ತದೆ. ನೆರೆಹೊರೆಯವರಿಗೆ ನಗೆಯ ವಸ್ತುವಾಗುತ್ತದೆ. ಬಿಟ್ಟರೆ ಬಿಡಲಿ, ಇದ್ದರೆ ಇರಲಿ ಎಂಬ ಮಾತು ಇಂತಹ ದಂಪತಿಗಳ ಕಿವಿಗೆ ಬೀಳುವಷ್ಟು ಬೇರೆ ಯಾರ ಕಿವಿಗೂ ಬೀಳುವುದಿಲ್ಲ. ಆದರೆ ಇದು ಈ ಕಾಲದ ಯುವಜನರ ಚಂಚಲತೆಯಿಂದ ಹುಟ್ಟಿದ ಹೊಸ ರೋಗವೆಂದು ಹೇಳುವವರು ಜೈನ ಪುರಾಣಗಳನ್ನು ಒಮ್ಮೆ ತೆರೆದು ನೋಡುವುದು ಒಳಿತು.

ಈ ವಿಷಯದ ಇತಿಹಾಸವನ್ನು ಹುಡುಕುವವರಿಗೆ ಕಲಬುರಗಿಯ ನೆಲವು ಬಹಳ ಸಮೃದ್ಧವಾದುದು. ನಗರದ ಆಗ್ನೇಯಕ್ಕೆ ಸುಮಾರು ನಲವತ್ತು ಕಿಲೋಮೀಟರು ದೂರದಲ್ಲಿ, ಸೇಡಂ ತಾಲ್ಲೂಕಿನ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನಿಗೆ ಗುರುಸ್ಥಾನದಲ್ಲಿದ್ದವರು ‘ಆದಿಪುರಾಣ’ದ ಕರ್ತೃಗಳಾದ ಜಿನಸೇನಾಚಾರ್ಯರು. ಅಪಭ್ರಂಶ ಭಾಷೆಯ ಮಹಾಕವಿ ಪುಷ್ಪದಂತನು ತನ್ನ ‘ಮಹಾಪುರಾಣ’ವನ್ನು 965ರಲ್ಲಿ ಮುಗಿಸಿದ್ದು ಇದೇ ಪಟ್ಟಣದಲ್ಲಿ. 972ರಲ್ಲಿ ಪರಮಾರ ಸೀಯಕನು ಈ ನಗರವನ್ನು ಸೂರೆಗೊಂಡನು. ಅರಮನೆಗಳು ಮಣ್ಣಾದವು, ನೇಮಿನಾಥ ಬಸದಿ ಉಳಿಯಿತು, ಗ್ರಂಥಗಳು ಉಳಿದವು.

ಶಾಸನಗಳೂ ಇವೆ. ಪಿ. ಬಿ. ದೇಸಾಯಿಯವರು 1957ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜೈನಧರ್ಮದ ಅಧ್ಯಯನದಲ್ಲಿ ಮಳಖೇಡ, ಸೇಡಂ, ಆಡಕಿ ಮೊದಲಾದ ಊರುಗಳ ಶಾಸನಗಳನ್ನು ವಿವೇಚಿಸಿದ್ದಾರೆ. ಶಾಸನಗಳ ಸ್ವಭಾವವೇ ಬೇರೆ. ಬಸದಿಗೆ ಬಿಟ್ಟ ಭೂಮಿಯನ್ನೂ ದಾನಿಯ ವಂಶವನ್ನೂ ಅವು ಹೇಳುತ್ತವೆ; ದಾನ ಕೊಟ್ಟ ಗಂಡನೂ ಹೆಂಡತಿಯೂ ಅದರ ಹಿಂದಿನ ವರ್ಷ ಮಾತು ಬಿಟ್ಟಿದ್ದರೋ ಇಲ್ಲವೋ ಎಂಬುದನ್ನು ಕಲ್ಲಿನ ಮೇಲೆ ಕೆತ್ತಿಸುವ ರೂಢಿ ಎಲ್ಲಿಯೂ ಇರಲಿಲ್ಲ. ಆದುದರಿಂದ ಮನೆಯೊಳಗಿನ ವಿರಸದ ಇತಿಹಾಸಕ್ಕೆ ಪುರಾಣಗಳೇ ಆಧಾರ. ಅವು ನಡೆದ ಘಟನೆಗಳ ದಾಖಲೆಯೆಂದು ಇಲ್ಲಿ ವಾದಿಸಬೇಕಾಗಿಲ್ಲ. ಆ ಕಾಲದ ಆಚಾರ್ಯರು ದಾಂಪತ್ಯವನ್ನು ಹೇಗೆ ಕಂಡರು, ಯಾವುದನ್ನು ತಪ್ಪೆಂದರು, ಯಾವುದನ್ನು ಕ್ಷಮ್ಯವೆಂದರು ಎಂಬುದಕ್ಕೆ ಅವು ಖಚಿತವಾದ ಸಾಕ್ಷಿ.

ಅಂತಹ ಸಾಕ್ಷಿಗಳಲ್ಲಿ ಮೊದಲನೆಯದು ಅಂಜನಾ–ಪವನಂಜಯರ ಕಥೆ. ಪ್ರಾಕೃತದಲ್ಲಿ ವಿಮಲಸೂರಿ, ಸಂಸ್ಕೃತದಲ್ಲಿ ಏಳನೆಯ ಶತಮಾನದ ರವಿಷೇಣಾಚಾರ್ಯರು, ಅಪಭ್ರಂಶದಲ್ಲಿ ಸ್ವಯಂಭು ಇದನ್ನು ಹೇಳಿದ್ದಾರೆ. ದಕ್ಷಿಣದ ಜೈನ ನಾಟಕಕಾರನಾದ ಹಸ್ತಿಮಲ್ಲನು ಇದನ್ನೇ ಸಂಸ್ಕೃತ ನಾಟಕವಾಗಿಸಿದ್ದಾನೆ. ರವಿಷೇಣರ ‘ಪದ್ಮಪುರಾಣ’ದ ಪ್ರಕಾರ, ಆದಿತ್ಯಪುರದ ಪ್ರಹ್ಲಾದ ರಾಜನ ಮಗ ಪವನಂಜಯನಿಗೂ ಮಹೇಂದ್ರಪುರದ ಮಹೇಂದ್ರ ರಾಜನ ಮಗಳು ಅಂಜನೆಗೂ ವಿವಾಹ ನಿಶ್ಚಯವಾಗಿರುತ್ತದೆ. ಲಗ್ನಕ್ಕೆ ಇನ್ನು ಮೂರು ದಿನ. ಅಷ್ಟು ದಿನ ತಾಳಲಾರದೆ ವರನು ಗೆಳೆಯ ಪ್ರಹಸಿತನೊಡನೆ ರಾತ್ರಿಯಲ್ಲಿ ಗುಟ್ಟಾಗಿ ವಧುವಿನ ಮಹಡಿಯ ಬಳಿಗೆ ಬರುತ್ತಾನೆ. ಒಳಗೆ ಸಖಿಯರ ಮಾತು ನಡೆದಿದೆ. ಮಿಶ್ರಕೇಶಿಯೆಂಬ ಸಖಿಯು ವಿದ್ಯುತ್ಪ್ರಭನೆಂಬ ಬೇರೊಬ್ಬ ರಾಜಕುಮಾರನನ್ನು ಹೊಗಳಿ ಪವನಂಜಯನನ್ನು ಹೀಗಳೆಯುತ್ತಾಳೆ. ಅಂಜನೆ ಲಜ್ಜೆಯಿಂದ ಸುಮ್ಮನಿರುತ್ತಾಳೆ. ಆ ಮೌನವನ್ನು ಹೊರಗೆ ನಿಂತವನು ಸಮ್ಮತಿಯೆಂದು ತಿಳಿಯುತ್ತಾನೆ.

ಮುಂದಿನದು ಇನ್ನೂ ಕ್ರೂರವಾದುದು. ಮದುವೆಯನ್ನು ಮುರಿದು ಹೋಗಬಹುದಾಗಿತ್ತು, ಹೊರಟೂ ಇದ್ದನು. ಹಿರಿಯರು ತಡೆದಾಗ ಅವನು ಮನಸ್ಸಿನಲ್ಲಿಯೇ ನಿಶ್ಚಯಿಸಿಕೊಳ್ಳುತ್ತಾನೆ: ಮದುವೆಯಾಗಿ ಬಿಟ್ಟುಬಿಡುತ್ತೇನೆ, ಇವಳು ನನ್ನವಳೂ ಆಗಬಾರದು, ಬೇರೊಬ್ಬನವಳೂ ಆಗಬಾರದು. ಹಾಗೆಯೇ ಮಾಡುತ್ತಾನೆ. ಇಪ್ಪತ್ತೆರಡು ವರ್ಷ ಅಂಜನೆ ಗಂಡನ ಮನೆಯಲ್ಲಿದ್ದೂ ಗಂಡನಿಲ್ಲದವಳಾಗಿರುತ್ತಾಳೆ. ಪುರಾಣಕಾರರು ಇದನ್ನು ವೀರನೊಬ್ಬನ ಅಭಿಮಾನವೆಂದು ಮೆಚ್ಚಿ ಬರೆದಿಲ್ಲ. ಅವಳ ಬಡಕಲಾದ ದೇಹವನ್ನೂ ಒಣಗಿದ ತುಟಿಯನ್ನೂ ವರ್ಣಿಸುತ್ತ, ತಪ್ಪು ಯಾರದೆಂಬುದನ್ನು ಓದುಗರಿಗೆ ಸ್ಪಷ್ಟವಾಗಿ ತಿಳಿಸುತ್ತಾರೆ. ಮಾತನಾಡಿ ಕೇಳಿದ್ದರೆ ಒಂದು ಗಳಿಗೆಯಲ್ಲಿ ತೀರುತ್ತಿದ್ದ ಸಂಶಯವೊಂದು ಇಪ್ಪತ್ತೆರಡು ವರ್ಷಗಳನ್ನು ನುಂಗಿತು.

ರಾವಣನಿಗೆ ವರುಣನೊಡನೆ ಯುದ್ಧ ಒದಗಿದಾಗ ಪವನಂಜಯನು ನೆರವಿಗೆ ಹೊರಡುತ್ತಾನೆ. ಮಾನಸ ಸರೋವರದ ತೀರದಲ್ಲಿ ಬೀಡು ಬಿಟ್ಟ ಸಂಜೆ, ಗಂಡಿನಿಂದ ಅಗಲಿ ಹಂಬಲಿಸುತ್ತಿರುವ ಹೆಣ್ಣು ಚಕ್ರವಾಕವೊಂದು ಅವನ ಕಣ್ಣಿಗೆ ಬೀಳುತ್ತದೆ. ಒಂದು ರಾತ್ರಿಯ ವಿರಹವನ್ನು ಹಕ್ಕಿಯೊಂದು ಸಹಿಸದಿರುವಾಗ ಅವಳು ಇಷ್ಟು ವರ್ಷ ಹೇಗೆ ಸಹಿಸಿದಳು ಎಂಬ ಪ್ರಶ್ನೆ ಅವನಲ್ಲಿ ಅಂದು ಮೊದಲ ಬಾರಿಗೆ ಹುಟ್ಟುತ್ತದೆ. ಆ ರಾತ್ರಿಯೇ ಹಿಂದಿರುಗಿ ಬರುತ್ತಾನೆ. ಅಂಜನೆ ಅವನನ್ನು ನಿಂದಿಸುವುದಿಲ್ಲ. ಮರಳಿ ಹೊರಡುವಾಗ ಅವಳು ಒಂದೇ ಬೇಡಿಕೆ ಇಡುತ್ತಾಳೆ: ನೀನು ಬಂದು ಹೋದುದನ್ನು ಹಿರಿಯರಿಗೆ ತಿಳಿಸು, ನಾಳೆ ನನಗೆ ಅಪವಾದ ಬರಬಹುದು. ಯುದ್ಧಕ್ಕೆ ಹೊರಟವನು ಹೆಂಡತಿಗಾಗಿ ಹಿಂದಿರುಗಿದನೆಂದು ಹೇಳಿಕೊಳ್ಳಲು ಅವನಿಗೆ ನಾಚಿಕೆ. ಕೈಯ ಕಡಗವನ್ನು ಗುರುತಿಗೆಂದು ಕೊಟ್ಟು ಹೊರಟುಹೋಗುತ್ತಾನೆ.

ಎರಡನೆಯ ಅಗಲಿಕೆಗೆ ಈ ನಾಚಿಕೆಯೇ ಕಾರಣ. ಮೊದಲನೆಯದು ಅವಳ ಮೌನವನ್ನು ಅವನು ತಪ್ಪಾಗಿ ಓದಿದ್ದರಿಂದ ಬಂದಿತು. ಎರಡನೆಯದು ಅವನದೇ ಮೌನದಿಂದ ಬಂದಿತು. ಗರ್ಭಿಣಿಯಾದ ಸೊಸೆಯ ಮಾತನ್ನೂ ಮಗನ ಕಡಗವನ್ನೂ ಅತ್ತೆ ಕೇತುಮತಿ ನಂಬುವುದಿಲ್ಲ. ಸಖಿ ವಸಂತಮಾಲೆಯೊಡನೆ ಅಂಜನೆಯನ್ನು ತವರಿಗೆ ಅಟ್ಟುತ್ತಾಳೆ. ತವರಿನ ಬಾಗಿಲೂ ಮುಚ್ಚುತ್ತದೆ. ಹೆತ್ತ ತಂದೆಯೇ ಲೋಕಾಪವಾದಕ್ಕೆ ಅಂಜಿ ಮಗಳನ್ನು ಊರಿನ ಹೊರಗಿರಿಸುತ್ತಾನೆ. ಅಂಜನೆ ಕಾಡಿನ ಗುಹೆಯೊಂದರಲ್ಲಿ ಹನುಮಂತನನ್ನು ಹಡೆಯುತ್ತಾಳೆ. ದಂಪತಿಗಳ ನಡುವಿನ ಮುನಿಸು ಆ ವೇಳೆಗೆ ಕರಗಿಯೇ ಹೋಗಿತ್ತು ಎಂಬುದನ್ನು ಗಮನಿಸಬೇಕು. ಅವಳನ್ನು ಕಾಡಿಗೆ ತಳ್ಳಿದವರು ಎರಡೂ ಮನೆಗಳ ಹಿರಿಯರು.

ಜಿನಸೇನರ ‘ಆದಿಪುರಾಣ’ದಲ್ಲಿಯೂ, ಅದನ್ನನುಸರಿಸಿ ಪಂಪನು 941ರಲ್ಲಿ ಕನ್ನಡಿಸಿದ ‘ಆದಿಪುರಾಣ’ದಲ್ಲಿಯೂ ಇನ್ನೊಂದು ಜೋಡಿ ಇದೆ. ಈಶಾನಕಲ್ಪದ ಲಲಿತಾಂಗದೇವ ಮತ್ತು ಸ್ವಯಂಪ್ರಭೆ. ಆಯುಷ್ಯ ಮುಗಿಯಲು ಆರು ತಿಂಗಳಿರುವಾಗ ದೇವನ ಕೊರಳ ಮಾಲೆ ಬಾಡುತ್ತದೆ. ಅವನು ವಜ್ರಜಂಘನಾಗಿಯೂ ಅವಳು ಪುಂಡರೀಕಿಣಿಯ ರಾಜಕುಮಾರಿ ಶ್ರೀಮತಿಯಾಗಿಯೂ ಹುಟ್ಟುತ್ತಾರೆ. ಪೂರ್ವಜನ್ಮದ ಸ್ಮರಣೆ ಉಂಟಾದ ಶ್ರೀಮತಿ ತಮ್ಮ ಹಿಂದಿನ ಬಾಳನ್ನು ಪಟದ ಮೇಲೆ ಚಿತ್ರಿಸುತ್ತಾಳೆ. ದಾದಿ ಪಂಡಿತೆ ಅದನ್ನು ಜಿನಾಲಯದಲ್ಲಿ ಹರಡಿ ಕೂರುತ್ತಾಳೆ. ಬಂದವರಲ್ಲಿ ಒಬ್ಬನಿಗೆ ಮಾತ್ರ ಚಿತ್ರದ ಒಳಗುಟ್ಟು ತಿಳಿಯುತ್ತದೆ. ಮದುವೆಯಾಗಿ ಬಹುಕಾಲ ಬಾಳಿದ ಅವರು, ಒಂದು ರಾತ್ರಿ ಸೇವಕರು ಗವಾಕ್ಷಗಳನ್ನು ತೆರೆಯಲು ಮರೆತುದರಿಂದ ಶಯ್ಯಾಗೃಹದ ಅಗರುಧೂಪದ ಹೊಗೆಯಲ್ಲಿ ಒಟ್ಟಿಗೆ ಪ್ರಾಣ ಬಿಡುತ್ತಾರೆ. ಭವಭವಗಳಲ್ಲಿ ಹೀಗೆ ಕೂಡುತ್ತ ಅಗಲುತ್ತ ಸಾಗಿದ ಈ ಜೋಡಿಯಲ್ಲಿ ವಜ್ರಜಂಘನ ಜೀವವು ಕೊನೆಗೆ ವೃಷಭ ತೀರ್ಥಂಕರನಾಗುತ್ತದೆ. ಶ್ರೀಮತಿಯ ಜೀವವು ಹಸ್ತಿನಾಪುರದ ಶ್ರೇಯಾಂಸ ಕುಮಾರನಾಗುತ್ತದೆ. ಆಹಾರವಿಲ್ಲದೆ ಬಹುಕಾಲ ಸಂಚರಿಸಿದ ಆದಿದೇವನಿಗೆ ವಿಧಿಯರಿತು ಕಬ್ಬಿನ ಹಾಲನ್ನಿತ್ತವನು ಈ ಶ್ರೇಯಾಂಸನೇ. ವಿಧಿ ಅವನಿಗೆ ತಿಳಿದದ್ದು ಹಿಂದಿನ ಭವದಲ್ಲಿ ವಜ್ರಜಂಘ–ಶ್ರೀಮತಿಯರು ಚಾರಣ ಮುನಿಗಳಿಗೆ ಜೊತೆಯಾಗಿ ಆಹಾರ ಕೊಟ್ಟ ನೆನಪಿನಿಂದ. ಅಕ್ಷಯ ತೃತೀಯೆಯನ್ನು ಆಚರಿಸುವ ಮನೆಗಳಲ್ಲಿ ಈ ಹಿನ್ನೆಲೆಯನ್ನು ನೆನೆಯುವವರು ಕಡಿಮೆ.

ಎರಡೂ ಕಥೆಗಳಲ್ಲಿ ಆಚಾರ್ಯರ ನಿಲುವು ಒಂದೇ ತೆರನಾಗಿದೆ. ರಾಗವು ಬಂಧಕಾರಣವೆಂಬುದನ್ನು ಅವರು ಎಲ್ಲಿಯೂ ಮರೆಸುವುದಿಲ್ಲ; ಆದರೆ ಆ ರಾಗದಲ್ಲಿ ಸಿಲುಕಿದವರನ್ನು ಹಾಸ್ಯ ಮಾಡುವುದೂ ಇಲ್ಲ. ನೆರೆಯ ತಮಿಳಿನ ‘ಶಿಲಪ್ಪದಿಕಾರಂ’ ಕಾವ್ಯದಲ್ಲಿಯೂ ಹೀಗೆಯೇ. ಮಾಧವಿಯ ಬಳಿಗೆ ಹೋಗಿ ಎಲ್ಲವನ್ನೂ ಕಳೆದುಕೊಂಡು ಬಂದ ಕೋವಲನನ್ನು ಕಣ್ಣಗಿ ತನ್ನ ಕಾಲಂದುಗೆ ಕೊಟ್ಟು ಸ್ವೀಕರಿಸುತ್ತಾಳೆ. ಮಧುರೆಯ ದಾರಿಯಲ್ಲಿ ಅವರಿಗೆ ಜೊತೆಯಾದವಳು ಜೈನ ಆರ್ಯಿಕೆ ಕವುಂದಿ. ಒಂದಾದ ಮಾತ್ರಕ್ಕೆ ಹಿಂದಿನ ಕರ್ಮ ಕಳೆಯಲಿಲ್ಲವೆಂಬುದು ಆ ಕಾವ್ಯದ ಕಠೋರವಾದ ಮಾತು. ಮಳಖೇಡದ ಬಸದಿಯ ನೇಮಿನಾಥ ಸ್ವಾಮಿಯ ಚರಿತೆಯಂತೂ ಮದುವೆಯ ಮಂಟಪದಲ್ಲಿಯೇ ಅಗಲಿದವರದು. ರಾಜೀಮತಿ ಗಂಡನನ್ನು ಹಿಂಬಾಲಿಸಿದ್ದು ದೀಕ್ಷೆಯ ದಾರಿಯಲ್ಲಿ. ಅದು ಬೇರೆಯೇ ಎತ್ತರದ ಸಂಗತಿ. ಸಾಮಾನ್ಯ ಗೃಹಸ್ಥರ ಕಲಹಕ್ಕೆ ಅದನ್ನು ಹೋಲಿಕೆಯಾಗಿ ತರುವುದು ಉಚಿತವೆನಿಸದು.

ಪುರಾಣದಿಂದ ಊರಿನ ಬದುಕಿಗೆ ಬಂದರೆ, ಅಗಲಿಕೆಯ ಮೊದಲ ನಿಲ್ದಾಣ ಇಂದಿಗೂ ತವರುಮನೆಯೇ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯ ಮೇಲೆ ಕಮಲಾಪುರವಿದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಈ ಊರು 2018ರಿಂದ ತಾಲ್ಲೂಕು ಕೇಂದ್ರ. 2017ರಲ್ಲಿ ಪೂರ್ಣವಾಗಿ ತೆರೆದ ಕಲಬುರಗಿ–ಬೀದರ ರೈಲು ಮಾರ್ಗವೂ ಇದನ್ನು ಹಾದು ಹೋಗುತ್ತದೆ. ನಗರದ ಗಂಡನ ಮನೆಗೂ ಇಂತಹ ಊರಿನ ತವರಿಗೂ ಒಂದು ಗಂಟೆಯ ದಾರಿ. ಪಂಚಮಿಗೆಂದೋ ಹೆರಿಗೆಗೆಂದೋ ಹೋದ ಮಗಳು ಹಿಂದಿರುಗುವ ದಿನ ಮುಂದೆ ಮುಂದೆ ಹೋಗುವುದು, ಗಂಡನು ಒಮ್ಮೆ ಬಂದು ಅಂಗಳದಿಂದಲೇ ಮರಳುವುದು, ಬಳಿಕ ಹಿರಿಯರು ನಾಲ್ಕು ಮಂದಿ ಕೂತು ಬುದ್ಧಿ ಹೇಳಿ, ಉಡಿ ತುಂಬಿ ಕಳುಹಿಸುವುದು — ಇದು ಈ ಭಾಗದ ಕುಟುಂಬಗಳಿಗೆ ತಲೆಮಾರುಗಳಿಂದ ತಿಳಿದ ಕ್ರಮ. ಹತ್ತಿರದ ತವರಿನಿಂದ ಒಳಿತೂ ಇದೆ, ಕೇಡೂ ಇದೆ. ದಾರಿ ದೂರವಿದ್ದ ಕಾಲದಲ್ಲಿ ಹೊರಡುವ ಮುನ್ನ ಒಂದು ರಾತ್ರಿಯಾದರೂ ಕಳೆಯಬೇಕಾಗಿತ್ತು. ಆ ರಾತ್ರಿಯಲ್ಲಿ ಎಷ್ಟೋ ಕೋಪಗಳು ಇಳಿದಿರಬೇಕು. ಮತ್ತೊಂದು ಕಡೆ, ನಿಜವಾಗಿಯೂ ನೊಂದ ಹೆಣ್ಣಿಗೆ ಹತ್ತಿರದ ತವರು ಜೀವ ಉಳಿಸುವ ಆಸರೆ.

ಬೇರೆಯಾಗುವ ಕ್ರಮಕ್ಕೂ ಹಳೆಯ ರೂಢಿಗಳಿದ್ದವು. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಪಂಚರ ಮುಂದೆ ಸೋಡಚೀಟಿ ಕೊಡುವುದು, ಬಿಟ್ಟವಳಿಗೂ ವಿಧವೆಗೂ ಉಡಿಕೆಯೆಂಬ ಸರಳ ಮರುಮದುವೆ ಮಾಡುವುದು ನಡೆದು ಬಂದಿತ್ತು. ವಿದ್ಯಾವಂತ ವರ್ಗಗಳು ಇದನ್ನು ಕೀಳೆಂದು ಕಂಡರೂ, ಸತ್ತ ದಾಂಪತ್ಯವನ್ನು ಹೊತ್ತು ತಿರುಗುವ ಶಿಕ್ಷೆಯಿಂದ ಅದು ಅನೇಕ ಹೆಣ್ಣುಮಕ್ಕಳನ್ನು ಪಾರುಮಾಡಿತು. ಕಾಯಿದೆಯ ಮಾತಿಗೆ ಬಂದರೆ, 1926ರಲ್ಲಿ ಚಂಪತ್ ರಾಯ್ ಜೈನ್ ಅವರು ಸಂಗ್ರಹಿಸಿ ಪ್ರಕಟಿಸಿದ ಜೈನ ನ್ಯಾಯಶಾಸ್ತ್ರದಲ್ಲಿ ದತ್ತಕಕ್ಕೂ ದಾಯಭಾಗಕ್ಕೂ ವಿಧವೆಯ ಹಕ್ಕಿಗೂ ದೊಡ್ಡ ಸ್ಥಾನವಿತ್ತು. ಮುಂಬಯಿ ಪ್ರಾಂತ್ಯವು 1947ರಲ್ಲಿ ಹಿಂದೂ ವಿಚ್ಛೇದನ ಕಾಯಿದೆಯನ್ನು ತಂದಾಗ ಪಕ್ಕದ ಬಿಜಾಪುರವು ಅದರ ವ್ಯಾಪ್ತಿಗೆ ಬಂದಿತು. ಕಲಬುರಗಿ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ದೇಶಕ್ಕೆಲ್ಲ ಅನ್ವಯಿಸುವ ಹಿಂದೂ ವಿವಾಹ ಕಾಯಿದೆ 1955ರ ಮೇ 18ರಂದು ಜಾರಿಗೆ ಬಂದಿತು. ಅದರ ಎರಡನೆಯ ಕಲಮಿನಲ್ಲಿ ಜೈನರ ಹೆಸರು ಸ್ಪಷ್ಟವಾಗಿದೆ. 2014ರಲ್ಲಿ ಕೇಂದ್ರ ಸರಕಾರವು ಜೈನರನ್ನು ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿದ ಬಳಿಕವೂ ವಿವಾಹದ ವಿಷಯದಲ್ಲಿ ಈ ಸ್ಥಿತಿ ಬದಲಾಗಿಲ್ಲ. ಈ ಬಗ್ಗೆ ಕೆಲವು ಮನೆಗಳಲ್ಲಿ ಇರುವ ಗೊಂದಲಕ್ಕೆ ಆಧಾರವಿಲ್ಲ.

ಈ ಕಾಯಿದೆಯನ್ನು ವಿಚ್ಛೇದನದ ಕಾಯಿದೆಯೆಂದು ಮಾತ್ರ ಓದುವುದು ವಾಡಿಕೆ. ಅಗಲಿ ಕೂಡುವವರಿಗೆಂದೇ ಇರುವ ಅದರ ಭಾಗಗಳು ಹೆಚ್ಚು ಜನರಿಗೆ ತಿಳಿದಿಲ್ಲ. ಹತ್ತನೆಯ ಕಲಮಿನ ನ್ಯಾಯಿಕ ಪ್ರತ್ಯೇಕತೆಯಲ್ಲಿ ವಿವಾಹ ಮುರಿಯುವುದಿಲ್ಲ. ಕೂಡಿ ಬಾಳಬೇಕೆಂಬ ಕಟ್ಟು ಮಾತ್ರ ಸಡಿಲವಾಗುತ್ತದೆ. ಮನಸ್ಸು ತಿರುಗಿದರೆ ಆ ಆದೇಶವನ್ನು ರದ್ದುಪಡಿಸುವಂತೆ ನ್ಯಾಯಾಲಯವನ್ನು ಕೇಳಬಹುದು. ಆದೇಶದ ಬಳಿಕ ಒಂದು ವರ್ಷ ಸಹಜೀವನ ಮರಳದಿದ್ದರೆ ಮಾತ್ರ ಅದು ವಿಚ್ಛೇದನ ಕೇಳಲು ಕಾರಣವಾಗುತ್ತದೆ. ಮೊದಲು ಈ ಅವಧಿ ಎರಡು ವರ್ಷವಿದ್ದು 1976ರ ತಿದ್ದುಪಡಿಯಲ್ಲಿ ಒಂದಕ್ಕೆ ಇಳಿಯಿತು. ಪೂರ್ಣ ವಿಚ್ಛೇದನವಾದವರು ಸಹ ಮುಂದೆ ಪರಸ್ಪರ ಮರುಮದುವೆಯಾಗಲು ಕಾಯಿದೆಯ ಅಡ್ಡಿಯಿಲ್ಲ.

ಇನ್ನೊಂದು ಸೂಕ್ಷ್ಮವಾದ ಅಂಶ ಕ್ಷಮೆಗೆ ಸಂಬಂಧಿಸಿದುದು. ಒಬ್ಬರ ಕ್ರೌರ್ಯವನ್ನು ಇನ್ನೊಬ್ಬರು ಕ್ಷಮಿಸಿದ್ದರೆ ಆ ಕ್ರೌರ್ಯವನ್ನು ಮುಂದೊಡ್ಡಿ ವಿಚ್ಛೇದನ ಪಡೆಯುವಂತಿಲ್ಲ ಎಂದು ಇಪ್ಪತ್ತಮೂರನೆಯ ಕಲಮು ಹೇಳುತ್ತದೆ. ಕ್ಷಮೆಯೆಂದರೇನು ಎಂಬ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯವು 1975ರ ದಾಸ್ತಾನೆ ಪ್ರಕರಣದಲ್ಲಿ ವಿವರವಾಗಿ ವಿವೇಚಿಸಿತು. ಬಾಯಿಮಾತಿನ ಮನ್ನಣೆ ಸಾಲದು. ಅಪರಾಧವನ್ನು ಮನ್ನಿಸಿ, ಹಿಂದಿನ ಸ್ಥಾನವನ್ನೇ ಮರಳಿ ಕೊಟ್ಟಾಗ ಕ್ಷಮೆ ಪೂರ್ಣವಾಗುತ್ತದೆ. ಮನಸ್ತಾಪದ ನಡುವೆಯೂ ದಂಪತಿಗಳು ಸಹಜವಾದ ದಾಂಪತ್ಯ ನಡೆಸಿದ್ದರೆ ಅದೇ ಕ್ಷಮೆಗೆ ಸಾಕ್ಷಿ. ಆದರೆ ಆ ಕ್ಷಮೆಗೆ ಷರತ್ತೊಂದಿದೆ: ತಪ್ಪು ಮರುಕಳಿಸಿದರೆ ಹಳೆಯ ತಪ್ಪೂ ಜೀವ ಪಡೆಯುತ್ತದೆ. ಕ್ಷಮಾವಣಿಯ ದಿನ ಕೈಜೋಡಿಸಿ ಮರುದಿನ ಹಳೆಯ ನಡತೆಗೇ ಮರಳುವವರು ಈ ತೀರ್ಪನ್ನು ಒಮ್ಮೆ ಓದಿದರೆ ಪ್ರಯೋಜನವಿದೆ.

1976ರಲ್ಲಿ ಸೇರಿದ 13-ಬಿ ಕಲಮು ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನು ತಂದಿತು. ಒಂದು ವರ್ಷ ಬೇರೆಯಾಗಿದ್ದವರು ಜಂಟಿ ಅರ್ಜಿ ಸಲ್ಲಿಸಬೇಕು. ಬಳಿಕ ಆರು ತಿಂಗಳು ಕಾಯಬೇಕು. ಹದಿನೆಂಟು ತಿಂಗಳೊಳಗೆ ಮತ್ತೆ ಬಂದು ಕೋರಬೇಕು. ಈ ನಡುವೆ ಇಬ್ಬರಲ್ಲಿ ಒಬ್ಬರ ಮನಸ್ಸು ಬದಲಾದರೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಕೂಡುವ ಸಾಧ್ಯತೆಯೇ ಉಳಿದಿಲ್ಲವೆಂದು ಖಚಿತವಾದಲ್ಲಿ ಈ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಬಿಡಬಹುದೆಂದು 2017ರ ತೀರ್ಪು ಹೇಳಿತು. ಇಪ್ಪತ್ತಮೂರನೆಯ ಕಲಮಿನಲ್ಲಿಯೇ ಇನ್ನೊಂದು ಅವಕಾಶವಿದೆ. ರಾಜಿಯ ಪ್ರಯತ್ನಕ್ಕಾಗಿ ನ್ಯಾಯಾಲಯವು ಪ್ರಕರಣವನ್ನು ಹದಿನೈದು ದಿನ ಮೀರದಂತೆ ಮುಂದೂಡಿ, ದಂಪತಿಗಳು ತಾವೇ ಹೆಸರಿಸಿದ ವ್ಯಕ್ತಿಗೆ ಒಪ್ಪಿಸಬಹುದು. 1984ರ ಕಾಯಿದೆಯಂತೆ ಸ್ಥಾಪಿತವಾದ ಕುಟುಂಬ ನ್ಯಾಯಾಲಯಗಳಿಗೆ ಈ ದಿನಗಳ ಮಿತಿಯೂ ಇಲ್ಲ.

ಆರು ತಿಂಗಳು, ಹದಿನೈದು ದಿನ — ಈ ಎರಡು ಅವಧಿಗಳನ್ನು ಕೇಳಿದಾಗ ಸಿದ್ಧಾಂತ ಗ್ರಂಥಗಳ ಪರಿಚಯವಿರುವವರಿಗೆ ‘ಗೊಮ್ಮಟಸಾರ’ ನೆನಪಾಗದಿರದು. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ ಈ ಗ್ರಂಥವು ಕ್ರೋಧಾದಿ ಕಷಾಯಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಜೀವಕಾಂಡದಲ್ಲಿ ಕ್ರೋಧದ ತೀವ್ರತೆಗೆ ಬಂಡೆಯ ಮೇಲಿನ, ನೆಲದ ಮೇಲಿನ, ಧೂಳಿನ ಮೇಲಿನ ಮತ್ತು ನೀರಿನ ಮೇಲಿನ ಗೆರೆಗಳ ಹೋಲಿಕೆ ಬರುತ್ತದೆ. ಕರ್ಮಕಾಂಡದಲ್ಲಿ ಅವುಗಳ ವಾಸನಾಕಾಲವನ್ನು ಹೇಳಿದೆ. ಕೋಪದ ಉದಯ ನಿಂತ ಮೇಲೂ ಒಳಗೆ ಉಳಿಯುವ ಅದರ ಸಂಸ್ಕಾರದ ಅವಧಿಗೆ ವಾಸನಾಕಾಲವೆಂದು ಹೆಸರು. ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು, ಅನಂತಾನುಬಂಧಿಗೆ ಎಣಿಸಲಾಗದ ಭವಗಳು. ಶ್ವೇತಾಂಬರ ಕರ್ಮಗ್ರಂಥಗಳ ಲೆಕ್ಕ ಕೊಂಚ ಬೇರೆ: ಪಕ್ಷ, ನಾಲ್ಕು ತಿಂಗಳು, ವರ್ಷ, ಜೀವನಪರ್ಯಂತ.

ಗೃಹಸ್ಥನಿಗೆ ಇದರ ಅರ್ಥ ನೇರವಾಗಿದೆ. ಅಣುವ್ರತಗಳನ್ನು ಹಿಡಿದ ಶ್ರಾವಕನ ಮನಸ್ಸಿನಲ್ಲಿ ಮುನಿಸಿನ ಗುರುತು ಹದಿನೈದು ದಿನ ಮೀರಿ ನಿಲ್ಲಬಾರದು. ವ್ರತಗಳಿಲ್ಲದಿದ್ದರೂ ಸಮ್ಯಗ್ದೃಷ್ಟಿಯುಳ್ಳವನಲ್ಲಿ ಅದು ಆರು ತಿಂಗಳನ್ನು ದಾಟದು. ಆರು ತಿಂಗಳನ್ನೂ ಮೀರಿ ಬೆಳೆದ ವೈರವು ಸಮ್ಯಕ್ತ್ವಕ್ಕೇ ಘಾತಕವಾದ ಕಷಾಯದ ಲಕ್ಷಣ. 1976ರಲ್ಲಿ ಸಂಸತ್ತಿನಲ್ಲಿ ಕುಳಿತವರು ‘ಗೊಮ್ಮಟಸಾರ’ವನ್ನು ಓದಿ ಈ ಅವಧಿಗಳನ್ನು ಗೊತ್ತುಮಾಡಿದರೆಂದು ಯಾರೂ ಹೇಳಲಾರರು, ಅದು ಕಾಕತಾಳೀಯ. ಕೋಪ ಇಳಿಯಲು ಕಾಲ ಬೇಕು, ಆ ಕಾಲಕ್ಕೆ ಅಳತೆ ಇದೆ ಎಂಬ ಅರಿವು ಮಾತ್ರ ಇಬ್ಬರಿಗೂ ಇದ್ದಿತು. ಪವನಂಜಯನ ಇಪ್ಪತ್ತೆರಡು ವರ್ಷಗಳನ್ನು ಈ ಅಳತೆಯಲ್ಲಿಟ್ಟು ನೋಡಿದರೆ ಪುರಾಣಕಾರರು ಅವನ ಮೇಲೆ ಹೊರಿಸಿದ ದೋಷದ ಭಾರ ತಿಳಿಯುತ್ತದೆ.

ಕಲಬುರಗಿ ನಗರದಲ್ಲಿ ಕುಟುಂಬ ನ್ಯಾಯಾಲಯವಿದೆ. ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು 2008ರಲ್ಲಿ ಇಲ್ಲಿ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ಅದಕ್ಕೆ ಮೊದಲು ಮೇಲ್ಮನವಿಗೆ ಬೆಂಗಳೂರಿನವರೆಗೆ ಹೋಗಬೇಕಾಗಿತ್ತು. ರಾಷ್ಟ್ರೀಯ ಲೋಕ ಅದಾಲತ್ ನಡೆದ ಮರುದಿನ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಹಾರ ಬದಲಿಸಿಕೊಂಡ ದಂಪತಿಗಳ ಚಿತ್ರಗಳು ಪ್ರಕಟವಾಗುತ್ತವೆ. ಅವು ಸಂತೋಷದ ಚಿತ್ರಗಳೇ. ಆದರೆ ಹಾರ ಹಾಕಿಕೊಂಡ ಆರನೆಯ ತಿಂಗಳಿನಲ್ಲಿ ಆ ಮನೆಯಲ್ಲಿ ಏನಾಗಿದೆಯೆಂದು ವಿಚಾರಿಸುವ ಪದ್ಧತಿ ಇನ್ನೂ ಬೆಳೆದಿಲ್ಲ. ಕೂಡಿಸುವುದನ್ನೇ ಗೆಲುವೆಂದು ಎಣಿಸುವ ಹಿರಿಯರು ಅಗಲಿಕೆಗೆ ಕಾರಣವಾದುದನ್ನು ಮುಟ್ಟದೆಯೇ ಬಿಡುತ್ತಾರೆ. ಹೀಗಾಗಿ ಅದೇ ಜೋಡಿ ಅದೇ ಜಗಲಿಯ ಮೇಲೆ ಎರಡನೆಯ ಬಾರಿ, ಮೂರನೆಯ ಬಾರಿ ಬಂದು ಕೂರುತ್ತದೆ.

ಹೊಡೆತ, ಬೆದರಿಕೆ, ವರದಕ್ಷಿಣೆಯ ಪೀಡನೆ ಇರುವಲ್ಲಿ ಈ ಲೇಖನದ ಮಾತುಗಳು ಅನ್ವಯಿಸುವುದಿಲ್ಲ. ಮನೆಯೊಳಗೆ ಒಂದು ಜೀವಕ್ಕೆ ನಿತ್ಯ ಹಿಂಸೆಯಾಗುತ್ತಿರುವಾಗ ಸಂಸಾರ ಉಳಿಯಲೆಂದು ಅವಳನ್ನು ಮರಳಿ ಕಳುಹಿಸುವುದು ಅಹಿಂಸೆಯನ್ನು ಮೊದಲ ವ್ರತವಾಗಿ ಹಿಡಿದವರ ಕೆಲಸವಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ ಅವಳಿಗೆ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ರಕ್ಷಣೆಯ ಆದೇಶ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಒಲವು ಉಳಿದಿದೆಯೆಂಬುದು ಪೆಟ್ಟಿಗೆ ಪರಿಹಾರವಾಗದು. ಮುನಿಸನ್ನೂ ಹಿಂಸೆಯನ್ನೂ ಬೇರ್ಪಡಿಸಿ ನೋಡದ ರಾಜಿ ಸಭೆಗಳು ಕೇತುಮತಿಗಿಂತ ಹೆಚ್ಚಿನ ಅನ್ಯಾಯವನ್ನು ಮಾಡಬಲ್ಲವು.

ಹಿಂಸೆಯಿಲ್ಲದೆ ಬರಿಯ ಮುನಿಸಿರುವಲ್ಲಿ ಬಸದಿಗಳ ಟ್ರಸ್ಟುಗಳಿಗೆ ಮಾಡಲು ಕೆಲಸವಿದೆ. ನ್ಯಾಯಾಲಯವು ಮಧ್ಯಸ್ಥಿಕೆಗೆ ಅವಕಾಶ ಕೊಟ್ಟಾಗ ದಂಪತಿಗಳು ಹೆಸರಿಸಬಹುದಾದ ವ್ಯಕ್ತಿ ವಕೀಲರೇ ಆಗಿರಬೇಕೆಂದಿಲ್ಲ. ಇಬ್ಬರೂ ನಂಬುವ ಹಿರಿಯ ಶ್ರಾವಿಕೆಯೊಬ್ಬರು ಆಗಬಹುದು. ಇಂತಹ ಸಭೆಗಳಲ್ಲಿ ಗಂಡಸರೇ ತುಂಬಿ, ಸೊಸೆಯಾದವಳು ಬಾಗಿಲ ಮರೆಯಲ್ಲಿ ನಿಂತು ಕೇಳುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅಂಜನೆಯ ಮೌನವನ್ನು ಅಂದು ಹೊರಗಿನವನೊಬ್ಬನು ತನಗೆ ತೋರಿದಂತೆ ಓದಿದನು. ಅವಳ ಮಾತನ್ನು ಯಾರೂ ಕೇಳಲಿಲ್ಲ.

ಆ ಕಥೆಯ ಕೊನೆಯಲ್ಲಿ ನೆರವಾದವನು ಗಂಡನೂ ಅಲ್ಲ, ತಂದೆಯೂ ಅಲ್ಲ. ಅಂಜನೆಯ ಸೋದರಮಾವ ಪ್ರತಿಸೂರ್ಯನು ವಿಮಾನದಲ್ಲಿ ಸಾಗುತ್ತಿದ್ದಾಗ ಕಾಡಿನ ಗುಹೆಯಲ್ಲಿ ಅವಳನ್ನು ಕಂಡು, ಗುರುತಿಸಿ, ತಾಯಿ ಮಗುವನ್ನು ತನ್ನ ಹನುರುಹ ದ್ವೀಪಕ್ಕೆ ಕರೆದೊಯ್ಯುತ್ತಾನೆ. ಅವಳ ಶೀಲಕ್ಕೆ ಪ್ರಮ ಕೇಳುವುದಿಲ್ಲ. ಅತ್ತ ಯುದ್ಧ ಮುಗಿಸಿ ಬಂದ ಪವನಂಜಯನು ಎರಡೂ ಮನೆಗಳಲ್ಲಿ ಅವಳನ್ನು ಕಾಣದೆ ಕಾಡು ಹೊಕ್ಕು, ಅವಳು ಸಿಗದಿದ್ದರೆ ಪ್ರಾಣ ಬಿಡುವುದಾಗಿ ನಿಶ್ಚಯಿಸಿ ಮೌನ ಹಿಡಿದು ಕುಳಿತಿರುತ್ತಾನೆ. ಕೇತುಮತಿ ಆಗ ಅಳುತ್ತಾಳೆ. ಮಹೇಂದ್ರನೂ ಪ್ರಹ್ಲಾದನೂ ಹುಡುಕುತ್ತ ಅಲೆಯುತ್ತಾರೆ. ಸುದ್ದಿ ಕೇಳಿದ ಪ್ರತಿಸೂರ್ಯನು ಅಂಜನೆಯನ್ನು ಸಂತೈಸಿ, ತಾನೇ ಆ ಕಾಡಿಗೆ ಹೋಗಿ, ಅವಳು ಬದುಕಿದ್ದಾಳೆ, ಮಗನಿದ್ದಾನೆ ಎಂದು ತಿಳಿಸಿ ಅವನ ಮೌನವನ್ನು ಬಿಡಿಸುತ್ತಾನೆ. ಅವರು ಕೂಡಿದ್ದು ಆದಿತ್ಯಪುರದಲ್ಲಿಯೂ ಅಲ್ಲ, ಮಹೇಂದ್ರಪುರದಲ್ಲಿಯೂ ಅಲ್ಲ. ಸೋದರಮಾವನ ಆ ದ್ವೀಪದಲ್ಲಿ. ಉಳಿದವರೆಲ್ಲ ಸ್ವಲ್ಪ ಕಾಲ ಅಲ್ಲಿದ್ದು ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿದರೆ, ಪವನಂಜಯನು ಹೆಂಡತಿ ಮಗನೊಡನೆ ಅಲ್ಲಿಯೇ ಉಳಿದನು.